ಅಲೆಗಿಂತ ನಿಧಾನ

2001ರಲ್ಲಿ ನಾರ್ವೆಯ ಕರಾವಳಿಯಲ್ಲಿ ಹಾಯಿದೋಣಿಯಲ್ಲಿ ಹೋಗುತ್ತಿದ್ದ ಡಾಗ್‌ಫಿನ್ ಸ್ವೇನ್ ಎಂಬ ಎಂಜಿನಿಯರನ ಕಣ್ಣಿಗೆ ಒಂದು ತೇಲುಕಂಬ ಬಿತ್ತು. ಹಡಗುಗಳಿಗೆ ದಾರಿ ತೋರಿಸಲು ನೀರಿನಲ್ಲಿ ಬಿಟ್ಟಿದ್ದ ಮಾಮೂಲಿ ಗುರುತು ಅದು. ಮೇಲೆ ಕಾಣುವುದು ತೆಳ್ಳನೆಯ ಕಂಬದ ತುದಿ ಅಷ್ಟೇ, ಭಾರವೆಲ್ಲ ನೀರಿನೊಳಗೆ. ಅಲೆ ಬಂದರೆ ಕೊಂಚ ವಾಲುತ್ತದೆ, ಅಲೆ ದಾಟಿದ ಮೇಲೆ ನೆಟ್ಟಗಾಗುತ್ತದೆ. ನಾರ್ವೆಯವರು ಹುಟ್ಟಿದಾಗಿನಿಂದ ನೋಡುತ್ತಲೇ ಬಂದಿರುವ ವಸ್ತು. ಸ್ವೇನ್ ಕೆಲಸ ಮಾಡುತ್ತಿದ್ದದ್ದು ನಾರ್ಸ್ಕ್ ಹೈಡ್ರೋ ಎಂಬ ಕಂಪನಿಯಲ್ಲಿ. ಸಮುದ್ರದ ತಳದಿಂದ ಎಣ್ಣೆ ತೆಗೆಯುವುದೂ ಆ ಕಂಪನಿಯ ಕಸುಬುಗಳಲ್ಲಿ ಒಂದಾಗಿತ್ತು. ಆ ಕಂಬ ನೋಡಿದಾಗ ಅವನಿಗೆ ಹೊಳೆದದ್ದು ಇಷ್ಟು: ಇದನ್ನೇ ನೂರು ಮೀಟರ್ ಉದ್ದ ಮಾಡಿ, ತುದಿಗೆ ಒಂದು ಗಾಳಿಯಂತ್ರ ಕೂರಿಸಿದರೆ?

ಆ ಪ್ರಶ್ನೆ ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಮೊದಲು ಬುಡವನ್ನು ನೋಡಬೇಕು. ಚಿತ್ರದುರ್ಗದ ಜೋಗಿಮಟ್ಟಿಯಲ್ಲೋ ಗದಗಿನ ಕಪ್ಪತಗುಡ್ಡದ ಆಸುಪಾಸಿನಲ್ಲೋ ಗಾಳಿಯಂತ್ರ ನೋಡಿದವರ ಕಣ್ಣು ರೆಕ್ಕೆಯ ಮೇಲೇ ಇರುತ್ತದೆ. ಕಂಬದ ಬುಡದಲ್ಲಿ ಮಣ್ಣು ಮುಚ್ಚಿದ ಕಾಂಕ್ರೀಟಿನ ದೊಡ್ಡ ಗುಂಡು ಹಾಸೊಂದಿದೆ, ಯಂತ್ರ ಮಗುಚದೆ ನಿಂತಿರುವುದು ಅದರ ಭಾರದ ಮೇಲೆ. ಗಾಳಿ ಯಂತ್ರವನ್ನು ತಿರುಗಿಸುವುದಷ್ಟೇ ಅಲ್ಲ, ಹಿಂದಕ್ಕೂ ನೂಕುತ್ತದೆ. 82 ಮೀಟರ್ ಅಗಲಕ್ಕೆ ತಿರುಗುವ ಒಂದು ಚಕ್ರದ ಮೇಲೆ ಜೋರು ಗಾಳಿ ಹೊಡೆದರೆ ಮೂವತ್ತು ನಲವತ್ತು ಟನ್ ತೂಕದಷ್ಟು ನೂಕು ಬೀಳುತ್ತದೆ. ಅದೂ ಅರವತ್ತು ಎಪ್ಪತ್ತು ಮೀಟರ್ ಎತ್ತರದಲ್ಲಿ. ಹಾರೆಯ ತುದಿ ಹಿಡಿದು ಬಂಡೆ ಮೀಟುವವರಿಗೆ ಆ ಎತ್ತರದ ಬಲ ಏನೆಂದು ಗೊತ್ತು.

ಸಮುದ್ರದಲ್ಲಿ ಮೊದಲ ಗಾಳಿ ತೋಟ ಎದ್ದದ್ದು 1991ರಲ್ಲಿ, ಡೆನ್ಮಾರ್ಕಿನ ಲೋಲ್ಯಾಂಡ್ ದ್ವೀಪದ ಬಳಿಯ ವಿಂಡೆಬಿಯಲ್ಲಿ. ಒಂದೊಂದೂ 450 ಕಿಲೋವಾಟಿನ 11 ಯಂತ್ರಗಳು. ನೀರಿನ ಆಳ ಎರಡರಿಂದ ನಾಲ್ಕು ಮೀಟರ್. ಅಷ್ಟು ಆಳಕ್ಕೆ ಕಾಂಕ್ರೀಟಿನ ಭಾರವಾದ ಬುಡ ಸಾಕಾಯಿತು. ಬಳಿಕ ಉಕ್ಕಿನ ದಪ್ಪ ಕೊಳವೆಯನ್ನು ಸುತ್ತಿಗೆಯಿಂದ ಬಡಿದು ತಳದ ಮರಳಿಗೆ ಇಳಿಸುವ ಪದ್ಧತಿ ಬಂತು. 2002ರಲ್ಲಿ ಡೆನ್ಮಾರ್ಕಿನ ಪಶ್ಚಿಮ ಕಡಲಲ್ಲಿ, ಹಾರ್ನ್ಸ್ ರೆವ್ ಎಂಬಲ್ಲಿ, ಹೀಗೆ ಎಂಬತ್ತು ಯಂತ್ರಗಳನ್ನು ನಿಲ್ಲಿಸಿದರು. ಇನ್ನೂ ಆಳವಾದರೆ ಕೊಳವೆಯ ಬದಲು ನಾಲ್ಕು ಕಾಲಿನ ಉಕ್ಕಿನ ಪಂಜರ. ಐವತ್ತು ಅರವತ್ತು ಮೀಟರ್ ದಾಟಿದರೆ ಅದೂ ಮುಗಿಯಿತು. ಉಕ್ಕಿನ ಖರ್ಚು ಕರೆಂಟಿನ ಬೆಲೆಯನ್ನು ನುಂಗಿಬಿಡುತ್ತದೆ.

ನಾರ್ವೆಯ ಕಷ್ಟ ಅಲ್ಲೇ ಇತ್ತು. ಡೆನ್ಮಾರ್ಕಿನ ಕಡಲು ಮೈಲಿಗಟ್ಟಲೆ ಹೋದರೂ ತಳ ಹತ್ತಿರದಲ್ಲೇ ಇರುತ್ತದೆ. ನಾರ್ವೆಯಲ್ಲಿ ದಡ ಬಿಟ್ಟು ಸ್ವಲ್ಪ ದೂರ ಹೋದರೆ ಆಳ ಇನ್ನೂರು ಮೀಟರ್ ಮುಟ್ಟುತ್ತದೆ. ಗಾಳಿ ಬೇಕಾದಷ್ಟಿದೆ, ಕಾಲೂರಲು ನೆಲವಿಲ್ಲ. ತೇಲಿಸುವ ಯೋಚನೆ ಹೊಸದೇನೂ ಆಗಿರಲಿಲ್ಲ. ಅಮೆರಿಕದ ನೌಕಾಪಡೆಯಿಂದ ನಿವೃತ್ತನಾಗಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ವಿಲಿಯಂ ಹೆರೊನೆಮಸ್ 1972ರಲ್ಲೇ ತೇಲುವ ಗಾಳಿಯಂತ್ರಗಳ ಚಿತ್ರ ಬರೆದು ತೋರಿಸಿದ್ದ. ಮೂವತ್ತು ವರ್ಷ ಅದು ಕಾಗದದ ಮೇಲೇ ಉಳಿಯಿತು.

ಈಗ ಒಂದು ಖಾಲಿ ನೀರಿನ ಬಾಟಲಿ ತೆಗೆದುಕೊಂಡು ಬಕೆಟ್ಟಿಗೆ ಬಿಡಿ. ಅಡ್ಡ ಮಲಗುತ್ತದೆ. ಎಷ್ಟು ಸಲ ನೆಟ್ಟಗೆ ನಿಲ್ಲಿಸಿದರೂ ಅಷ್ಟೇ. ಅದೇ ಬಾಟಲಿಗೆ ಮೂರು ನಾಲ್ಕು ಬೆರಳಿನಷ್ಟು ಮರಳು ತುಂಬಿ, ಮುಚ್ಚಳ ಬಿಗಿದು ಮತ್ತೆ ಬಿಡಿ. ಈಗ ಕುತ್ತಿಗೆ ಮೇಲೆ ಮಾಡಿ ನಿಲ್ಲುತ್ತದೆ. ಬೆರಳಿನಿಂದ ತಳ್ಳಿದರೆ ವಾಲಿ, ಮತ್ತೆ ಎದ್ದು ನಿಲ್ಲುತ್ತದೆ. ತಂಜಾವೂರು ಬೊಂಬೆ ಎಷ್ಟು ಬೀಳಿಸಿದರೂ ಏಳುವುದು ಇದೇ ಗುಟ್ಟಿನಿಂದ: ಭಾರದ ಕೇಂದ್ರ ತಳದಲ್ಲಿದೆ. ಗಾಳ ಹಾಕುವವರ ಬೆಂಡು ನಿಲ್ಲುವುದೂ ಹೀಗೆಯೇ. ಸಮುದ್ರದವರು ಇಂಥ ಉದ್ದನೆಯ ತೇಲುಕಂಬಕ್ಕೆ ಸ್ಪಾರ್ ಎನ್ನುತ್ತಾರೆ. ಅಮೆರಿಕದ ಸ್ಕ್ರಿಪ್ಸ್ ಸಾಗರಶಾಸ್ತ್ರ ಸಂಸ್ಥೆ 1962ರಲ್ಲಿ ಫ್ಲಿಪ್ ಎಂಬ 108 ಮೀಟರ್ ಉದ್ದದ ವಿಚಿತ್ರ ನೌಕೆಯೊಂದನ್ನು ಕಟ್ಟಿಸಿತ್ತು. ಅದು ಮಲಗಿಕೊಂಡು ಹೋಗಿ, ನಡುಗಡಲಿನಲ್ಲಿ ಹಿಂಬದಿಗೆ ನೀರು ತುಂಬಿಕೊಂಡು ನೆಟ್ಟಗೆ ನಿಲ್ಲುತ್ತಿತ್ತು. ಒಳಗಿದ್ದ ವಿಜ್ಞಾನಿಗಳು ಆಗ ಗೋಡೆಯನ್ನೇ ನೆಲ ಮಾಡಿಕೊಂಡು ಓಡಾಡಬೇಕಿತ್ತು. ಎಣ್ಣೆ ಕಂಪನಿಗಳೂ ಸ್ಪಾರ್ ಬಳಸಿದ್ದವು. ಹಾಗಾಗಿ ಕಂಬ ತೇಲುತ್ತದೆಯೇ ಎಂಬ ಸಂಶಯ ಯಾರಿಗೂ ಇರಲಿಲ್ಲ. ತಲೆಯ ಮೇಲೆ ನೂರಕ್ಕೂ ಹೆಚ್ಚು ಟನ್ನಿನ ಯಂತ್ರ ಹೊತ್ತು, ಅದು ತಿರುಗುತ್ತಿರುವಾಗಲೂ ನಿಂತೀತೇ ಎಂಬುದೇ ಪ್ರಶ್ನೆ.

ಇಲ್ಲಿ ಅಲೆಯ ತಾಳದ ಮಾತು ಬರುತ್ತದೆ. ಈ ಕತೆಯ ಜೀವ ಇರುವುದು ಅದರಲ್ಲೇ ಎಂದು ನನ್ನ ಎಣಿಕೆ.

ನಾಗರ ಪಂಚಮಿಗೆ ಮರಕ್ಕೆ ಕಟ್ಟಿದ ಜೋಕಾಲಿಯನ್ನು ನೆನಪಿಸಿಕೊಳ್ಳಿ. ತಳ್ಳುವವರು ಬಲಶಾಲಿಯೇ ಆಗಬೇಕಿಲ್ಲ. ಜೋಕಾಲಿ ಹಿಂದೆ ಬಂದು ತಿರುಗುವ ಗಳಿಗೆಗೆ ಸರಿಯಾಗಿ ಪ್ರತಿ ಸಲ ಒಂದಿಷ್ಟು ಕೈ ಕೊಟ್ಟರೆ ಸಾಕು, ಹತ್ತು ಸಲದಲ್ಲಿ ಅದು ಕೊಂಬೆ ಮುಟ್ಟುತ್ತದೆ. ಜೋಕಾಲಿಗೆ ತನ್ನದೇ ಒಂದು ತಾಳವಿದೆ, ಆ ತಾಳಕ್ಕೆ ತಾಳ ಕೂಡಿದರೆ ಸಣ್ಣ ಬಲವೂ ದೊಡ್ಡ ತೂಗಾಟವಾಗುತ್ತದೆ. ತಾಳ ತಪ್ಪಿಸಿ ತಳ್ಳಿದರೆ ಎಷ್ಟು ಬಲ ಹಾಕಿದರೂ ಉಪಯೋಗವಿಲ್ಲ. ಕಡಲಲ್ಲಿ ನಿಂತ ಕಂಬಕ್ಕೂ ಹೀಗೆ ಒಂದು ತಾಳವಿರುತ್ತದೆ. ಅದನ್ನು ತಳ್ಳುವ ಕೈ ಅಲೆಯದು. ಬಿರುಗಾಳಿಯ ಅಲೆ ಹತ್ತರಿಂದ ಹದಿನೈದು ಸೆಕೆಂಡಿಗೊಮ್ಮೆ ಬರುತ್ತದೆ, ಸಾಧಾರಣ ದಿನದ ಅಲೆ ಅದಕ್ಕಿಂತ ಬೇಗ. ಹತ್ತು ಸೆಕೆಂಡಿಗೊಂದು ಎಂದು ಹಿಡಿದರೂ ಇಪ್ಪತ್ತು ವರ್ಷಕ್ಕೆ ಆರು ಕೋಟಿಗೂ ಹೆಚ್ಚು ಅಲೆಗಳಾಗುತ್ತವೆ. ಒಂದು ದೊಡ್ಡ ಅಲೆ ಉಕ್ಕನ್ನು ಮುರಿಯದಿರಬಹುದು. ಆರು ಕೋಟಿ ಸಲ ಒಂದೇ ಕಡೆ ಬಗ್ಗಿಸಿದರೆ ಬೆಸುಗೆಯಲ್ಲಿ ಕೂದಲೆಳೆಯ ಬಿರುಕು ಹುಟ್ಟುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ತುಂಡು ಮಾಡುವುದಿಲ್ಲವೇ, ಹಾಗೆ.

ತಳಕ್ಕೆ ನೆಟ್ಟ ಕಂಬದ ವಿನ್ಯಾಸಕಾರರು ಅಲೆಯ ತಾಳದಿಂದ ತಪ್ಪಿಸಿಕೊಂಡದ್ದು ವೇಗದಿಂದ. ಕಂಬವನ್ನು ಬಿಗಿಯಾಗಿ, ಗಡುಸಾಗಿ ಕಟ್ಟಿ, ಅದರ ಒಂದು ಓಲಾಟ ಮೂರು ನಾಲ್ಕು ಸೆಕೆಂಡಿನಲ್ಲಿ ಮುಗಿಯುವಂತೆ ಮಾಡಿದರು. ದೊಡ್ಡ ಅಲೆಗಳು ಬರುವ ಹೊತ್ತಿಗೆ ಕಂಬ ತನ್ನ ಓಲಾಟ ಮುಗಿಸಿಯೇ ಇರುತ್ತದೆ. ಆದರೆ ಆಳ ಹೆಚ್ಚಿದಂತೆ ಕಂಬ ಉದ್ದವಾಗುತ್ತದೆ, ಉದ್ದವಾದದ್ದು ನಿಧಾನವಾಗಿ ಓಲಾಡುತ್ತದೆ, ಅದನ್ನು ಗಡುಸು ಮಾಡಲು ಇನ್ನಷ್ಟು ಉಕ್ಕು ಸುರಿಯಬೇಕಾಗುತ್ತದೆ. ಆಳದ ಕಡಲಲ್ಲಿ ಆ ದಾರಿ ಮುಚ್ಚಿದ್ದು ಹೀಗೆ.

ತೇಲುಕಂಬ ತಪ್ಪಿಸಿಕೊಳ್ಳುವುದು ಇನ್ನೊಂದು ದಿಕ್ಕಿನಿಂದ. ಅದು ಅಲೆಗಿಂತ ನಿಧಾನ. ಐದು ಸಾವಿರ ಟನ್ನಿಗೂ ಹೆಚ್ಚು ನೀರನ್ನು ಸರಿಸಿ ನಿಂತ ದೈತ್ಯ ಕಂಬ ಒಮ್ಮೆ ವಾಲಿ ಏಳಲು ಇಪ್ಪತ್ತು ಸೆಕೆಂಡಿಗೂ ಮೀರಿ ತೆಗೆದುಕೊಳ್ಳುತ್ತದೆ. ಹನ್ನೆರಡು ಸೆಕೆಂಡಿನ ಅಲೆ ಅದನ್ನು ತಳ್ಳಲು ಕೈ ಹಾಕುತ್ತದೆ, ಕಂಬ ಇನ್ನೂ ಏಳುವ ಯೋಚನೆಯಲ್ಲಿರುವಾಗಲೇ ಅಲೆ ದಾಟಿಹೋಗಿ ಎದುರು ದಿಕ್ಕಿನ ಎಳೆತ ಶುರುವಾಗಿರುತ್ತದೆ. ತಾಳ ಕೂಡುವುದೇ ಇಲ್ಲ. ಜೊತೆಗೆ ಅಲೆಯ ಆರ್ಭಟವೆಲ್ಲ ಮೇಲ್ಮೈಯದು. ಹತ್ತು ಸೆಕೆಂಡಿನ ಅಲೆಯ ಉದ್ದ ಆಳಸಮುದ್ರದಲ್ಲಿ ಸುಮಾರು 156 ಮೀಟರ್. ಅದರ ಅರ್ಧದಷ್ಟು ಆಳಕ್ಕೆ ಇಳಿದರೆ ನೀರಿನ ಅಲುಗಾಟ ಮೇಲಿನದರಲ್ಲಿ ನೂರಕ್ಕೆ ಐದು ಪಾಲೂ ಉಳಿಯುವುದಿಲ್ಲ. ಕಂಬದ ಭಾರವಾದ ಬುಡ ಇರುವುದು ಆ ಪ್ರಶಾಂತ ನೀರಿನಲ್ಲಿ. ಅಲೆ ಹೊಡೆಯುವ ಮೇಲ್ಮಟ್ಟದಲ್ಲಿ ಕಂಬವನ್ನು ಬೇಕೆಂದೇ ಸಣ್ಣ ಮಾಡುತ್ತಾರೆ. ಮುಂದೆ ಕಟ್ಟಿದ ಮೊದಲ ಕಂಬಕ್ಕೆ ನೀರಿನೊಳಗೆ 8.3 ಮೀಟರ್ ವ್ಯಾಸವಿದ್ದರೆ, ನೀರಿನ ಮಟ್ಟದಲ್ಲಿ ಆರು ಮೀಟರ್ ಮಾತ್ರ.

ಇಲ್ಲಿಯವರೆಗೆ ಎಲ್ಲವೂ ಚೆನ್ನಾಗಿತ್ತು. ತೊಡಕು ಬಂದದ್ದು ನೀರಿನಿಂದಲ್ಲ, ಗಾಳಿಯಂತ್ರದ ಒಳಗಿನಿಂದಲೇ.

ಗಾಳಿ ಸೆಕೆಂಡಿಗೆ ಹನ್ನೆರಡು ಮೀಟರಿನ ಆಸುಪಾಸು ದಾಟಿದ ಮೇಲೆ ಜನರೇಟರ್ ತನ್ನ ಪೂರ್ತಿ ಶಕ್ತಿ ಮುಟ್ಟಿರುತ್ತದೆ. ಇನ್ನೂ ಜೋರಾದರೆ ಯಂತ್ರ ಸುಟ್ಟುಹೋಗದಂತೆ ಕಾಯುವುದು ನಿಯಂತ್ರಕದ ಕೆಲಸ. ಅದು ರೆಕ್ಕೆಗಳನ್ನು ಕೊಂಚ ಹೊರಳಿಸುತ್ತದೆ, ಗಾಳಿ ಹಿಡಿತ ತಪ್ಪಿ ಜಾರಿಹೋಗುತ್ತದೆ. ರೆಕ್ಕೆ ಹೊರಳಿದಾಗ ಹಿಂದಕ್ಕೆ ಬೀಳುವ ನೂಕೂ ಇಳಿಯುತ್ತದೆ. ನೆಲದ ಮೇಲೆ ಇದರಿಂದ ಯಾವ ತೊಂದರೆಯೂ ಇಲ್ಲ. ನೆಲದ ಕಂಬದ ಓಲಾಟ ಎಷ್ಟು ಚುರುಕೆಂದರೆ ನಿಯಂತ್ರಕ ಅದನ್ನು ಗಮನಿಸುವ ಮೊದಲೇ ಮುಗಿದಿರುತ್ತದೆ.

ತೇಲುಕಂಬದ ಮೇಲೆ ಇದೇ ನಿಯಂತ್ರಕ ಏನು ಮಾಡುತ್ತದೆ ನೋಡಿ. ಕಂಬ ನಿಧಾನವಾಗಿ ಗಾಳಿಯ ಕಡೆಗೆ ವಾಲುತ್ತದೆ. ಗಾಳಿಗೆ ಎದುರಾಗಿ ಚಲಿಸುವಾಗ ರೆಕ್ಕೆಗೆ ಗಾಳಿ ಹೆಚ್ಚಿದಂತೆ ತೋರುತ್ತದೆ, ಸೈಕಲ್ ತುಳಿಯುವಾಗ ನಮ್ಮ ಮುಖಕ್ಕೆ ಗಾಳಿ ಬಡಿಯುವ ಹಾಗೆ. ಗಾಳಿ ಹೆಚ್ಚಿತೆಂದು ನಿಯಂತ್ರಕ ರೆಕ್ಕೆ ಹೊರಳಿಸುತ್ತದೆ. ಹಿಂದಕ್ಕೆ ತಳ್ಳಿ ತಡೆಯಬೇಕಾದ ನೂಕು ಅದೇ ಗಳಿಗೆಯಲ್ಲಿ ಕಡಿಮೆಯಾಗುತ್ತದೆ. ಕಂಬ ಇನ್ನಷ್ಟು ಮುಂದಕ್ಕೆ ವಾಲುತ್ತದೆ. ಹಿಂದಿರುಗುವಾಗ ಇದೇ ತಲೆಕೆಳಗು. ಗಾಳಿ ಇಳಿದಂತೆ ತೋರುತ್ತದೆ, ನಿಯಂತ್ರಕ ರೆಕ್ಕೆಯನ್ನು ಗಾಳಿಗೆ ಒಡ್ಡುತ್ತದೆ, ನೂಕು ಹೆಚ್ಚಿ ಕಂಬ ಹಿಂದಕ್ಕೆ ಹೆಚ್ಚು ಹೋಗುತ್ತದೆ. ಜೋಕಾಲಿಯ ಮೇಲೆ ನಿಂತು, ಸರಿಯಾದ ಗಳಿಗೆಗೆ ಮೊಣಕಾಲು ಬಗ್ಗಿಸಿ ಏಳುತ್ತ ತಾನೇ ಮೇಲೇರುವುದಕ್ಕೆ ನಮ್ಮಲ್ಲಿ ಜೀಕುವುದು ಎನ್ನುತ್ತೇವೆ. ಯಂತ್ರ ತನ್ನನ್ನು ತಾನೇ ಜೀಕುತ್ತಿತ್ತು. ಹೊರಗಿನ ಅಲೆಯ ತಾಳದಿಂದ ಕಂಬವನ್ನು ಕಷ್ಟಪಟ್ಟು ತಪ್ಪಿಸಿದ್ದರೆ, ಒಳಗಿನ ಕಾವಲುಗಾರನೇ ತಾಳ ಹಾಕುತ್ತಿದ್ದ. ಅದೂ ತನ್ನ ಕರ್ತವ್ಯವನ್ನು ಒಂದಿಷ್ಟೂ ತಪ್ಪದೆ ಮಾಡುತ್ತ!

ಹೈಡ್ರೋದಲ್ಲಿ ಇದರ ಬೆನ್ನು ಹತ್ತಿದವರು ಫಿನ್ ಗುನ್ನಾರ್ ನೀಲ್ಸನ್, ಟೋರ್ ಡೇವಿಡ್ ಹ್ಯಾನ್ಸನ್ ಮತ್ತು ಬ್ಯೋರ್ನ್ ಸ್ಕಾರೆ. ನೀಲ್ಸನ್ ಅಲೆ ಮತ್ತು ತೇಲುವ ವಸ್ತುಗಳ ಲೆಕ್ಕದಲ್ಲಿ ಪಳಗಿದವರು. ಅವರಿಗೆ ಎದುರಾದ ಕಷ್ಟ ವಿಚಿತ್ರವಾದದ್ದು. ಗಾಳಿಯಂತ್ರದ ಲೆಕ್ಕ ಹಾಕುವ ತಂತ್ರಾಂಶಗಳಿಗೆ ಬುಡ ಅಲುಗಾಡಬಹುದೆಂಬುದೇ ತಿಳಿದಿರಲಿಲ್ಲ. ಹಡಗು ಮತ್ತು ಎಣ್ಣೆ ಕಟ್ಟೆಗಳ ಲೆಕ್ಕ ಹಾಕುವ ತಂತ್ರಾಂಶಗಳಿಗೆ ತಲೆಯ ಮೇಲೆ ತಿರುಗುವ ರೆಕ್ಕೆ ಇರಬಹುದೆಂಬುದು ತಿಳಿದಿರಲಿಲ್ಲ. ಎರಡನ್ನೂ ಹೊಲಿದು ಒಂದು ಮಾಡಬೇಕಾಯಿತು. ಹಾಗೆ ಹೊಲಿದ ಲೆಕ್ಕವನ್ನು ನೀರಿನಲ್ಲಿಟ್ಟು ನೋಡದೆ ನಂಬುವಂತಿರಲಿಲ್ಲ.

2005ರಲ್ಲಿ ಟ್ರಾಂಡ್‌ಹೈಮ್ ನಗರದ ಮಾರಿನ್‌ಟೆಕ್ ಸಂಸ್ಥೆಯ ಕಡಲ ಕೊಳದಲ್ಲಿ ಪರೀಕ್ಷೆ ನಡೆಯಿತು. ಕೊಳ ಎಂದರೆ ಎಂಬತ್ತು ಮೀಟರ್ ಉದ್ದ, ಐವತ್ತು ಮೀಟರ್ ಅಗಲದ ಒಳಾಂಗಣ ಕೆರೆ. ಬದಿಯಲ್ಲಿ ಅಲೆ ಎಬ್ಬಿಸುವ ಯಂತ್ರಗಳಿವೆ. ತೇಲುಕಂಬದ ಮಾದರಿಯನ್ನು ನಿಜದ ನಲವತ್ತೇಳನೇ ಒಂದರಷ್ಟು ಅಳತೆಗೆ ಮಾಡಿದ್ದರು. ಮಾದರಿ ಚಿಕ್ಕದಾದಾಗ ಕಾಲವೂ ಚಿಕ್ಕದಾಗುತ್ತದೆ, ನಡುಗಡಲಿನ ಹದಿನಾಲ್ಕು ಸೆಕೆಂಡಿನ ಅಲೆ ಆ ಕೊಳದಲ್ಲಿ ಎರಡು ಸೆಕೆಂಡಿಗೆ ದಾಟುತ್ತದೆ. ಗಾಳಿ ಬೀಸಿ, ಸಣ್ಣ ರೆಕ್ಕೆಗಳನ್ನು ತಿರುಗಿಸಿ, ನಿಯಂತ್ರಕವನ್ನು ಬೇರೆ ಬೇರೆ ಕ್ರಮದಲ್ಲಿ ಓಡಿಸಿ ನೋಡಿದರು. ನೆಲದ ಯಂತ್ರಗಳ ಕ್ರಮವನ್ನೇ ಹಾಗೆಯೇ ತಂದು ಹಾಕಿದರೆ ಜೋರು ಗಾಳಿಯಲ್ಲಿ ಓಲಾಟ ಬೆಳೆಯುತ್ತದೆ ಎಂಬುದು ಕಣ್ಣೆದುರಿಗೇ ಕಂಡಿತು.

ಪರಿಹಾರ ಉಕ್ಕಿನಲ್ಲಿರಲಿಲ್ಲ. ಕಂಬದ ಓಲಾಟವನ್ನು ಅಳೆದು, ಆ ಓಲಾಟಕ್ಕೆ ಎದುರು ಬೀಳುವಂತೆ ರೆಕ್ಕೆಯ ಹೊರಳಿಗೆ ಒಂದು ಸಣ್ಣ ತಿದ್ದುಪಡಿ ಸೇರಿಸುವುದು ಒಂದು ದಾರಿ. ಮುಂದಕ್ಕೆ ವಾಲುವಾಗ ನೂಕು ಇಳಿಯಬಾರದು, ಹಿಂದೆ ಹೋಗುವಾಗ ಏರಬಾರದು, ಅಷ್ಟೇ. ಇನ್ನೊಂದು ದಾರಿಯನ್ನು ಹ್ಯಾನ್ಸನ್ ಮತ್ತು ಡೆನ್ಮಾರ್ಕಿನ ರಿಸೋ ಪ್ರಯೋಗಾಲಯದ ಟೋರ್ಬೆನ್ ಲಾರ್ಸನ್ 2007ರಲ್ಲಿ ಬರೆದು ತೋರಿಸಿದರು. ನಿಯಂತ್ರಕದ ಅವಸರವನ್ನೇ ಕಡಿಮೆ ಮಾಡಿ, ಅದು ಕಂಬದ ಓಲಾಟಕ್ಕಿಂತಲೂ ನಿಧಾನವಾಗಿ ಕೆಲಸ ಮಾಡುವಂತೆ ಮಾಡುವುದು. ಆಗ ಒಂದೊಂದು ವಾಲುವಿಕೆಗೂ ಅದು ಪ್ರತಿಕ್ರಿಯಿಸಲು ಹೋಗುವುದಿಲ್ಲ, ಜೀಕುವುದು ನಿಲ್ಲುತ್ತದೆ. ಇದಕ್ಕೆ ಬೆಲೆ ಇದೆ. ಚಕ್ರದ ವೇಗದಲ್ಲಿ ಏರಿಳಿತ ಸ್ವಲ್ಪ ಹೆಚ್ಚುತ್ತದೆ. ಆ ಬೆಲೆ ತೆರಲು ಅವರು ತಯಾರಿದ್ದರು. ಅಲೆಗಿಂತ ಕಂಬ ನಿಧಾನ, ಕಂಬಕ್ಕಿಂತ ನಿಯಂತ್ರಕ ನಿಧಾನ. ಸ್ವೇನ್ ಕಂಡ ತೇಲುಕಂಬ ಯಾರಿಗೆ ಬೇಕಾದರೂ ಹೊಳೆಯಬಹುದಿತ್ತು. ನಿಜವಾದ ಆವಿಷ್ಕಾರ ನಡೆದದ್ದು ಈ ಎರಡನೇ ನಿಧಾನದಲ್ಲಿ ಎಂದೇ ನನ್ನ ತೀರ್ಮಾನ. ಪತ್ರಿಕೆಗಳಲ್ಲಿ ದೋಣಿಯ ಕತೆ ಬಂದಷ್ಟು ಇದು ಬರಲಿಲ್ಲ ಎಂಬುದು ಬೇಸರದ ಸಂಗತಿ.

2007ರ ಅಕ್ಟೋಬರಿನಲ್ಲಿ ಹೈಡ್ರೋದ ಎಣ್ಣೆ ವಿಭಾಗ ನಾರ್ವೆಯ ಇನ್ನೊಂದು ಎಣ್ಣೆ ಕಂಪನಿಯಾದ ಸ್ಟಾಟ್‌ಆಯಿಲ್ ಜೊತೆ ಸೇರಿಹೋಯಿತು. ಇಂಥ ಸಂದರ್ಭದಲ್ಲಿ ಚಿಕ್ಕ ಯೋಜನೆಗಳು ಕಡತದಲ್ಲಿ ಹೂತುಹೋಗುವುದೇ ಹೆಚ್ಚು. ಇದು ಉಳಿದುಕೊಂಡಿತು. ಹೈವಿಂಡ್ ಎಂದು ಹೆಸರಿಟ್ಟ ಆ ಯೋಜನೆಗೆ ಸುಮಾರು 40 ಕೋಟಿ ಕ್ರೋನರ್ ಖರ್ಚಾಯಿತು. ಅದರಲ್ಲಿ 5.9 ಕೋಟಿಯನ್ನು ಸರ್ಕಾರದ ಎನೋವಾ ಸಂಸ್ಥೆ ಕೊಟ್ಟಿತು. ಅಷ್ಟರಲ್ಲಿ ಬ್ಲೂ ಎಚ್ ಎಂಬ ಕಂಪನಿ ಇಟಲಿಯ ದಕ್ಷಿಣ ಕರಾವಳಿಯಾಚೆ 80 ಕಿಲೋವಾಟಿನ ಪುಟ್ಟ ಯಂತ್ರವೊಂದನ್ನು ಬೇರೆ ಬಗೆಯ ತೆಪ್ಪದ ಮೇಲೆ ತೇಲಿಸಿ ನೋಡಿತ್ತು. ಹೈವಿಂಡ್‌ನ ಯಂತ್ರ ಸೀಮೆನ್ಸ್ ಕಂಪನಿಯ 2.3 ಮೆಗಾವಾಟಿನದು, ನೆಲದ ಮೇಲೆ ಮಾರುವಂಥದ್ದೇ.

ಉಕ್ಕಿನ ಕಂಬವನ್ನು ಫಿನ್ಲೆಂಡಿನ ಪೋರಿಯಲ್ಲಿ ಕಟ್ಟಿ, ಮಲಗಿಸಿಕೊಂಡು ಸಮುದ್ರದ ಮೇಲೆ ನಾರ್ವೆಗೆ ಎಳೆತಂದರು. ಸ್ಟವಾಂಗರ್ ಬಳಿಯ ಫಿಯಾರ್ಡಿನಲ್ಲಿ, ಗುಡ್ಡಗಳ ಮರೆಯ ಶಾಂತ ಆಳ ನೀರಿನಲ್ಲಿ, ಅದರ ಹೊಟ್ಟೆಗೆ ನೀರು ತುಂಬುತ್ತ ಹೋದರು. ನೂರು ಮೀಟರಿನ ಕೊಳವೆಯ ಒಂದು ತುದಿ ಮೆಲ್ಲಗೆ ಮುಳುಗಿತು, ಇನ್ನೊಂದು ತುದಿ ಮೆಲ್ಲಗೆ ಎದ್ದಿತು. ಬಕೆಟ್ಟಿನ ಬಾಟಲಿಯ ಆಟವೇ, ಅಳತೆ ಮಾತ್ರ ಬೇರೆ. ಬುಡಕ್ಕೆ ಕಲ್ಲಿನ ಭಾರ ತುಂಬಿದ ಮೇಲೆ ಗೋಪುರ, ತಲೆ, ರೆಕ್ಕೆಗಳನ್ನು ಅಲ್ಲೇ ಜೋಡಿಸಿದರು. ಬಳಿಕ ನಿಂತ ಭಂಗಿಯಲ್ಲೇ ಅದನ್ನು ಎಳೆದುಕೊಂಡು ಹೋಗಿ, ಕಾರ್ಮೋಯ್ ದ್ವೀಪದಿಂದ ಹತ್ತು ಕಿಲೋಮೀಟರ್ ಆಚೆ, ಇನ್ನೂರು ಮೀಟರಿಗೂ ಆಳವಾದ ನೀರಿನಲ್ಲಿ ಮೂರು ಲಂಗರುಗಳಿಗೆ ಕಟ್ಟಿದರು. ಅದು 2009ರ ಬೇಸಿಗೆ.

ಲಂಗರಿನ ಕಟ್ಟಿನಲ್ಲೂ ಒಂದು ಜಾಣತನವಿದೆ. ದುಂಡನೆಯ ಕಂಬಕ್ಕೆ ಒಂದೊಂದು ಕಡೆ ಒಂದೊಂದೇ ಸರಪಳಿ ಬಿಗಿದರೆ ಕಂಬ ತನ್ನ ಸುತ್ತಲೇ ತಿರುಚಿಕೊಳ್ಳಬಹುದು. ಅದಕ್ಕೆ ಪ್ರತಿ ಸರಪಳಿಯನ್ನೂ ಕಂಬದ ಹತ್ತಿರ ಎರಡಾಗಿ ಸೀಳಿ ಎರಡು ಬದಿಗೆ ಕಟ್ಟಿದರು. ಕಾರ ಹುಣ್ಣಿಮೆಯಲ್ಲಿ ಓಡುವ ಹೋರಿಗೆ ಎರಡೂ ಪಕ್ಕದಿಂದ ಹಗ್ಗ ಹಿಡಿಯುತ್ತಾರಲ್ಲ, ತಲೆ ಹೊರಳಿಸದಂತೆ, ಹಾಗೆ.

ಕಂಬದ ಮೈತುಂಬ ಇನ್ನೂರಕ್ಕೂ ಹೆಚ್ಚು ಅಳತೆಯ ಸಾಧನಗಳನ್ನು ಅಂಟಿಸಿದ್ದರು. ಎರಡು ವರ್ಷ ಪ್ರಯೋಗ ನಡೆಸಿ ಮುಗಿಸುವ ಉದ್ದೇಶ. ಆ ಕಂಬ ಸೆಕೆಂಡಿಗೆ 40 ಮೀಟರಿನ ಗಾಳಿಯನ್ನೂ 19 ಮೀಟರ್ ಎತ್ತರದ ಅಲೆಯನ್ನೂ ಕಂಡಿತು. ಆರು ಅಂತಸ್ತಿನ ಕಟ್ಟಡದಷ್ಟು ಎತ್ತರದ ನೀರು ಅದು. ಕಂಬ ನಿಂತಿತ್ತು. 2011ರಲ್ಲಿ ಒಂದೇ ವರ್ಷಕ್ಕೆ 10.1 ಗಿಗಾವಾಟ್-ಗಂಟೆ, ಅಂದರೆ ಒಂದು ಕೋಟಿ ಯೂನಿಟ್ ಕರೆಂಟು ಕೊಟ್ಟಿತು. ಯಂತ್ರ ವರ್ಷವಿಡೀ ಬಿಡದೆ ಪೂರ್ತಿ ಓಡಿದ್ದರೆ ಎಷ್ಟು ಬರಬಹುದಿತ್ತೋ ಅದರ ಅರ್ಧ. ಗಾಳಿಯಂತ್ರಕ್ಕೆ ಇದು ಬಹಳ ಒಳ್ಳೆಯ ಲೆಕ್ಕ.

ಉತ್ತರ ಸಮುದ್ರದ ಅಲೆಯ ಮಾತು ಬಂದಾಗ ಡ್ರಾಪ್ನರ್ ಕಟ್ಟೆಯ ಪ್ರಸಂಗವನ್ನು ಬಿಡಲಾಗದು. ನಾರ್ವೆಗೆ ಸೇರಿದ ಅನಿಲದ ಕೊಳವೆಗಳು ಕೂಡುವ ಜಾಗದಲ್ಲಿ 1994ರಲ್ಲಿ ಹೊಸ ಬಗೆಯ ಕಾಲುಗಳ ಮೇಲೆ ಒಂದು ಕಟ್ಟೆ ನಿಲ್ಲಿಸಿದರು. ಕಾಲಿನ ತುದಿಯಲ್ಲಿ ಬಡಿದಿಳಿಸಿದ ಕಂಬಗಳಿರಲಿಲ್ಲ, ಬೋರಲು ಹಾಕಿದ ದೊಡ್ಡ ಬಕೆಟ್ಟುಗಳಂಥ ಉಕ್ಕಿನ ಪಾತ್ರೆಗಳಿದ್ದವು. ಪಾತ್ರೆಯನ್ನು ತಳದ ಮೇಲೆ ಕೂರಿಸಿ ಒಳಗಿನ ನೀರನ್ನು ಪಂಪಿನಿಂದ ಹೀರಿದರೆ, ಹೊರಗಿನ ಸಮುದ್ರದ ಒತ್ತಡವೇ ಅದನ್ನು ನೆಲದೊಳಕ್ಕೆ ಅದುಮುತ್ತದೆ. ಬಿಸಿ ಲೋಟವನ್ನು ಒದ್ದೆಯಾದ ಕಡಪ ಕಲ್ಲಿನ ಮೇಲೆ ಬೋರಲಿಟ್ಟು ಮರೆತವರಿಗೆ ಈ ಹಿಡಿತ ಗೊತ್ತು, ಎಳೆದರೂ ಬರುವುದಿಲ್ಲ. ಹೊಸ ಬುಡವಾದ್ದರಿಂದ ಅದು ಹೇಗೆ ವರ್ತಿಸುತ್ತದೆಂದು ತಿಳಿಯಲು ಕಟ್ಟೆಗೆ ಅಳತೆಯ ಸಾಧನಗಳನ್ನು ಧಾರಾಳವಾಗಿ ಜೋಡಿಸಿದ್ದರು. ಅಲೆಯ ಎತ್ತರ ಅಳೆಯುವ ಲೇಸರ್ ಕೂಡ ಇತ್ತು. 1995ರ ಜನವರಿ 1ರಂದು, ಸುತ್ತಲಿನ ದೊಡ್ಡ ಅಲೆಗಳು ಹನ್ನೆರಡು ಮೀಟರಿನ ಆಸುಪಾಸು ಇದ್ದಾಗ, ಒಂದೇ ಒಂದು ಅಲೆ 25.6 ಮೀಟರ್ ಎತ್ತರಕ್ಕೆ ಎದ್ದು ಹೋಯಿತು. ನಾವಿಕರು ಶತಮಾನಗಳಿಂದ ಹೇಳುತ್ತಿದ್ದ, ಪಂಡಿತರು ಹೆಚ್ಚಾಗಿ ನಂಬದಿದ್ದ ರಕ್ಕಸ ಅಲೆ ಮೊದಲ ಸಲ ಅಷ್ಟು ಸ್ಪಷ್ಟವಾಗಿ ಅಳತೆಗೆ ಸಿಕ್ಕಿತು. ಬುಡವನ್ನು ಪರೀಕ್ಷಿಸಲು ಹೋದವರಿಗೆ ಕಡಲಿನ ಗುಟ್ಟು ಸಿಕ್ಕಿದ್ದು ನನಗೆ ಇಂದಿಗೂ ರೋಮಾಂಚನದ ವಿಷಯ.

ಆ ಬೋರಲು ಬಕೆಟ್ಟಿನ ಕಸುಬು ಹೈವಿಂಡ್‌ಗೂ ಬಂತು. 2017ರಲ್ಲಿ ಸ್ಕಾಟ್ಲೆಂಡಿನ ಪೀಟರ್‌ಹೆಡ್ ಊರಿನಿಂದ ಸುಮಾರು ಇಪ್ಪತ್ತೈದು ಕಿಲೋಮೀಟರ್ ಆಚೆ ಜಗತ್ತಿನ ಮೊದಲ ತೇಲುವ ಗಾಳಿ ತೋಟ ಶುರುವಾಯಿತು. ಆರು ಮೆಗಾವಾಟಿನ ಐದು ಯಂತ್ರಗಳು, ಒಂದೊಂದಕ್ಕೆ ಮೂರು ಲಂಗರು, ಹದಿನೈದೂ ಇಂಥ ಹೀರು ಲಂಗರುಗಳೇ. ನೀರಿನ ಆಳ 95ರಿಂದ 120 ಮೀಟರ್. ಹಾಗಾಗಿ ಕಂಬವನ್ನು 78 ಮೀಟರ್ ಆಳಕ್ಕೆ ಇಳಿಯುವಂತೆ ಗಿಡ್ಡ ಮಾಡಿ, ದಪ್ಪ ಹೆಚ್ಚಿಸಿದರು. ಬುಡಕ್ಕೆ ಕಬ್ಬಿಣದ ಅದಿರಿನ ಭಾರ. ನಾರ್ವೆಯ ಸ್ಟೂರ್ಡ್ ಬಳಿ ಸೈಪೆಮ್ 7000 ಎಂಬ ತೇಲುವ ದೈತ್ಯ ಕ್ರೇನು, ದಡದಲ್ಲಿ ಪೂರ್ತಿ ಜೋಡಿಸಿದ ಗೋಪುರವನ್ನು ರೆಕ್ಕೆ ಸಮೇತ ಎತ್ತಿ ತೇಲುತ್ತಿದ್ದ ಕಂಬದ ಮೇಲೆ ಕೂರಿಸಿತು. ಎತ್ತುವ ಹಡಗೂ ತೇಲುತ್ತಿದೆ, ಕೂರಿಸಬೇಕಾದ ಕಂಬವೂ ತೇಲುತ್ತಿದೆ. ಬೋಲ್ಟಿನ ತೂತುಗಳು ಒಂದಕ್ಕೊಂದು ಕೂಡಬೇಕು. ಆ ಐದು ಗೋಪುರಗಳನ್ನು ಕೂರಿಸಿದವರ ಕೈಚಳಕಕ್ಕೆ ನಮಸ್ಕಾರ ಹೇಳಲೇಬೇಕು.

ತೋಟ ಶುರುವಾದ ಚಳಿಗಾಲದಲ್ಲೇ ಕ್ಯಾರೊಲಿನ್ ಬಿರುಗಾಳಿ ಗಂಟೆಗೆ 160 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬೀಸಿತು. ಎಂಟು ಮೀಟರ್ ದಾಟಿದ ಅಲೆಗಳೆದ್ದವು. ಗಾಳಿಯ ಅಬ್ಬರದಲ್ಲಿ ಯಂತ್ರಗಳನ್ನು ನಿಲ್ಲಿಸಿ, ಇಳಿದ ಮೇಲೆ ಮತ್ತೆ ಓಡಿಸಿದರು. ಮೊದಲ ಐದು ವರ್ಷಗಳ ಸರಾಸರಿಯಲ್ಲಿ ಈ ತೋಟ ತನ್ನ ಪೂರ್ಣ ಸಾಮರ್ಥ್ಯದ ಶೇ. 54ರಷ್ಟು ಕರೆಂಟು ಕೊಟ್ಟಿತು.

ಇಷ್ಟೆಲ್ಲ ಹೇಳಿ ಮಿತಿಗಳನ್ನು ಮುಚ್ಚಿಡಬಾರದು. ನೀರಿನೊಳಗೆ ಎಂಬತ್ತು ನೂರು ಮೀಟರ್ ಇಳಿಯುವ ಕಂಬವನ್ನು ಜೋಡಿಸಲು ಅಷ್ಟೇ ಆಳದ, ಅಲೆಯಿಲ್ಲದ ನೀರು ದಡಕ್ಕೆ ಹತ್ತಿರ ಬೇಕು. ನಾರ್ವೆಗೆ ಫಿಯಾರ್ಡುಗಳಿವೆ. ಜಗತ್ತಿನ ಹೆಚ್ಚಿನ ಬಂದರುಗಳ ಆಳ ಹತ್ತು ಹದಿನೈದು ಮೀಟರ್ ಅಷ್ಟೇ. ಅಂಥ ಕಡೆಗೆ 2011ರಲ್ಲಿ ಪೋರ್ಚುಗಲ್ಲಿನ ಕಡಲಲ್ಲಿ ನಿಲ್ಲಿಸಿದ ವಿಂಡ್‌ಫ್ಲೋಟ್‌ನಂಥ ಮೂರು ಕಾಲಿನ ತೆಪ್ಪಗಳೇ ಸರಿ. ಹೈವಿಂಡ್ ಕಂಬ ಎಲ್ಲ ಕಡಲಿಗೂ ಮದ್ದಲ್ಲ. ಖರ್ಚೂ ತಳಕ್ಕೆ ನೆಟ್ಟ ಯಂತ್ರಗಳಿಗಿಂತ ಇನ್ನೂ ಹೆಚ್ಚು. ನಮ್ಮ ದೇಶ ಮೊದಲಿಗೆ ಗುಜರಾತ್ ಮತ್ತು ತಮಿಳುನಾಡಿನ ಕಡಲನ್ನು ಆರಿಸಿಕೊಂಡಿರುವುದು ಅಲ್ಲಿ ತಳಕ್ಕೆ ಕಾಲೂರಬಹುದು ಎಂಬ ಲೆಕ್ಕದಿಂದಲೂ ಹೌದು.

ರಿಪೇರಿಯದು ಇನ್ನೊಂದು ಮಾತು. 2024ರಲ್ಲಿ ಸ್ಕಾಟ್ಲೆಂಡಿನ ಐದೂ ಯಂತ್ರಗಳನ್ನು ಲಂಗರು ಬಿಚ್ಚಿ, ಸಮುದ್ರದ ಮೇಲೆ ನಾರ್ವೆಗೆ ಎಳೆದುಕೊಂಡು ಹೋಗಿ, ದೊಡ್ಡ ದುರಸ್ತಿ ಮಾಡಿ, ಮತ್ತೆ ತಂದು ಕಟ್ಟಬೇಕಾಯಿತು. ಕೆಲವು ತಿಂಗಳು ತೋಟದಲ್ಲಿ ಕರೆಂಟು ಇರಲಿಲ್ಲ. ಇದನ್ನು ಸೋಲು ಎಂದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತಳಕ್ಕೆ ನೆಟ್ಟ ಯಂತ್ರದ ತಲೆ ಕೆಟ್ಟರೆ ಕ್ರೇನಿನ ಹಡಗೇ ಅಲ್ಲಿಗೆ ಹೋಗಬೇಕು, ಅಲೆ ತಗ್ಗುವವರೆಗೆ ಕಾಯಬೇಕು. ಇದು ತಾನೇ ದುರಸ್ತಿಯ ಜಾಗಕ್ಕೆ ಹೋಗಿ ಬರಬಲ್ಲದು. ಆದರೆ ಏಳು ವರ್ಷಕ್ಕೇ ಹೋಗಬೇಕಾಗಿ ಬಂದದ್ದು ಒಳ್ಳೆಯ ಸುದ್ದಿಯಲ್ಲ, ಅದನ್ನೂ ಒಪ್ಪಿಕೊಳ್ಳಬೇಕು.

2023ರಲ್ಲಿ ಉದ್ಘಾಟನೆಯಾದ ಹೈವಿಂಡ್ ಟಾಂಪೆನ್ ಎಂಬ ತೋಟ ನಾರ್ವೆಯ ದಡದಿಂದ 140 ಕಿಲೋಮೀಟರ್ ಆಚೆಗಿದೆ. ನೀರಿನ ಆಳ 260ರಿಂದ 300 ಮೀಟರ್, ಯಂತ್ರಗಳು ಹನ್ನೊಂದು. ಅಲ್ಲಿ ಉಕ್ಕಿನ ಬದಲು ಕಾಂಕ್ರೀಟಿನ ಕಂಬಗಳನ್ನು ಎರಕ ಹೊಯ್ದು ತೇಲಿಸಿದ್ದಾರೆ. ಸಮುದ್ರದಲ್ಲಿ ಕಾಂಕ್ರೀಟ್ ನಿಲ್ಲಿಸುವುದು ನಾರ್ವೆಯವರಿಗೆ ಎಣ್ಣೆ ಕಟ್ಟೆಗಳ ಕಾಲದಿಂದ ಬಂದ ವಿದ್ಯೆ. ಆ ಕರೆಂಟು ಹೋಗುವುದು ಸ್ನೋರೆ ಮತ್ತು ಗುಲ್‌ಫಾಕ್ಸ್ ಎಂಬ ಎಣ್ಣೆ ಮತ್ತು ಅನಿಲದ ಕಟ್ಟೆಗಳಿಗೆ. ಎಣ್ಣೆ ತೆಗೆಯಲು ಶುದ್ಧ ಗಾಳಿಯ ಕರೆಂಟು ಬಳಸುವುದು ಸರಿಯೇ ಎಂದು ಕೇಳುವವರ ಪ್ರಶ್ನೆಯಲ್ಲಿ ಹುರುಳಿದೆ. ಅಲ್ಲಿ ಉರಿಯುತ್ತಿದ್ದ ಅನಿಲದ ಒಂದು ಪಾಲು ಉಳಿಯುತ್ತದೆ ಎಂಬುದೂ ನಿಜ.

ಕಾರ್ಮೋಯ್ ಬಳಿ ಎರಡು ವರ್ಷದ ಪ್ರಯೋಗಕ್ಕೆಂದು ಕಟ್ಟಿದ ಆ ಮೊದಲ ಕಂಬವನ್ನು ಅವಧಿ ಮುಗಿದ ಮೇಲೂ ಯಾರೂ ಬಿಚ್ಚಲಿಲ್ಲ. 2019ರಲ್ಲಿ ಯೂನಿಟೆಕ್ ಎಂಬ ನಾರ್ವೆಯ ಕಂಪನಿ ಅದನ್ನು ಕೊಂಡು, ಝೆಫಿರೋಸ್ ಎಂದು ಹೆಸರು ಬದಲಿಸಿ, ಅಲ್ಲೇ ಓಡಿಸತೊಡಗಿತು.